ಕುಂಡದ ಮೇಲಿನ ಬೂಷ್ಟು

ಆ ಆಫೀಸಿನ ಮೂರು ಮಹಡಿಯವರೂ ಅವಳನ್ನು ಕುಂಡದಕ್ಕ ಎನ್ನುತ್ತಿದ್ದರು. ಹನ್ನೆರಡು ವರ್ಷದಿಂದ ಅಲ್ಲಿನ ಇಪ್ಪತ್ತೆರಡು ಕುಂಡಗಳಿಗೆ ನೀರು ಹಾಕುವುದು, ಎಲೆ ಒರೆಸುವುದು ಅವಳ ಕೆಲಸ. ದಿನ ಬಿಟ್ಟು ದಿನ, ಕುಂಡಕ್ಕೆ ಎರಡು ಲೋಟ, ಹೆಚ್ಚಿಲ್ಲ, ಕಡಿಮೆಯಿಲ್ಲ. ಗಿಡದ ವಿಷಯದಲ್ಲಿ ಅವಳಿಗೆ ಬುದ್ಧಿ ಹೇಳಲು ಹೋದವರು ಬುದ್ಧಿ ಕಲಿತು ಬಂದಿದ್ದಾರೆ.

ಹೀಗಿರುವಾಗ ಎರಡನೇ ಮಹಡಿಯ ಆರು ಕುಂಡಗಳ ಮಣ್ಣಿನ ಮೇಲೆ ಬಿಳಿ ಬೂಷ್ಟು ಹತ್ತಿತು. ಎಲೆಗಳು ಹಳದಿಯಾಗಿ ಜೋತುಬಿದ್ದವು, ಸಣ್ಣ ನೊಣಗಳು ಎದ್ದವು. ಮ್ಯಾನೇಜರ್ ಮೂಗು ಮುಚ್ಚಿಕೊಂಡೇ ಹೇಳಿದ:

"ಸೋಮವಾರದೊಳಗೆ ಸರಿಹೋಗ್ಬೇಕು. ಇಲ್ಲಾಂದ್ರೆ ಪ್ಲಾಸ್ಟಿಕ್ ಗಿಡ ತರಿಸ್ತೀನಿ. ಅದಕ್ಕೆ ನೀರೂ ಬೇಡ, ನೀವೂ ಬೇಡ."

ಕುಂಡದಕ್ಕ ಮಣ್ಣಿಗೆ ಬೆರಳು ತೂರಿಸಿದಳು. ಒಳಗೆಲ್ಲ ಪಿಚಪಿಚ. ತನ್ನ ಎರಡು ಲೋಟಕ್ಕೆ ಇಷ್ಟು ಹಸಿಯಾಗಲು ಸಾಧ್ಯವೇ ಇಲ್ಲ. ಹಾಗಾದರೆ ಬೇರೆ ಯಾರೋ ಸುರಿಯುತ್ತಿದ್ದಾರೆ. ಆ ಮಹಡಿಯ ನೆಲ ಒರೆಸುವವಳಲ್ಲದೆ ಮತ್ಯಾರು! ಬಕೆಟ್ ಹೊತ್ತು ಬಚ್ಚಲಿನವರೆಗೆ ನಡೆಯಲು ಸೋಮಾರಿತನ. ಅನುಮಾನ ಹುಟ್ಟಿದ್ದೇ ತಡ, ಸಾಕ್ಷಿಗಳು ಸಾಲುಗಟ್ಟಿ ಬಂದವು. ಅವಳು ಕುಂಡದ ಪಕ್ಕ ಬಗ್ಗಿದರೆ ಸಂಶಯ, ಬಗ್ಗದಿದ್ದರೆ ಇನ್ನೂ ಸಂಶಯ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

"ಯಾರೋ ಕೊಳಕು ನೀರು ಸುರೀತಿದಾರೆ" ಎಂದು ಮರುದಿನ ಗಾಳಿಗೆ ಹೇಳುವಂತೆ ಗಟ್ಟಿಯಾಗಿ ಹೇಳಿದಳು.

ನೆಲ ಒರೆಸುವವಳು ತಲೆಯೆತ್ತಿ, "ನನ್ನ ನೋಡ್ಕೊಂಡು ಯಾಕಕ್ಕಾ ಹೇಳ್ತೀಯ?" ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಳಲ್ಲ, ಇನ್ನೇನು ಬೇಕು! ಕುಂಡದಕ್ಕ ನೇರ ಹೋಗಿ ಮ್ಯಾನೇಜರ್ ಕಿವಿಗೆ ಹಾಕಿದಳು. ರುಜುವಾತಿಗೆಂದು ಆರೂ ಕುಂಡಗಳ ಮಣ್ಣಿನ ಮೇಲೆ ಸೀಮೆಸುಣ್ಣದ ಪುಡಿಯಲ್ಲಿ ಗೆರೆ ಎಳೆದಳು. ಯಾರು ನೀರು ಸುರಿದರೂ ಗೆರೆ ಅಳಿಸಿಹೋಗಲೇಬೇಕು. ತಾನೂ ನೀರು ಹಾಕುವುದು ನಿಲ್ಲಿಸಿದಳು.

ಮೂರನೇ ದಿನ ಬೆಳಿಗ್ಗೆ ಗೆರೆಗಳು ಎಳೆದ ಹಾಗೇ ಇದ್ದವು. ಮಣ್ಣೂ ಮೊದಲಿನ ಹಾಗೇ ಪಿಚಪಿಚ.

ಅಂದರೆ ಯಾರೂ ನೀರು ಸುರಿದಿಲ್ಲ. ಕುಂಡದಕ್ಕ ಒಂದು ಕುಂಡ ಬಗ್ಗಿಸಿ ಗಿಡವನ್ನು ಮಣ್ಣುಸಮೇತ ಹೊರತೆಗೆದಳು. ಬೇರು ಕಪ್ಪಾಗಿ ಕೊಳೆತಿತ್ತು, ತಳದಲ್ಲಿ ನೀರು ನಿಂತಿತ್ತು. ತಳದ ತೂತಿಗೆ ಮೇಣ ಮೆತ್ತಿತ್ತು. ಮೆತ್ತಿದವಳು ತಾನೇ! ಎರಡು ತಿಂಗಳ ಹಿಂದೆ, ದೊಡ್ಡ ಸಾಹೇಬರು ಬರುತ್ತಾರೆಂದು ಆ ಮಹಡಿಗೆ ಪಾಲಿಶ್ ಹಾಕಿದ್ದಾಗ, ಕುಂಡ ಸೋರಿ ನೆಲಕ್ಕೆ ಕಲೆಯಾಗದಿರಲೆಂದು ಮೇಣದಬತ್ತಿ ಕರಗಿಸಿ ಆರೂ ಕುಂಡಗಳ ತೂತು ಮುಚ್ಚಿದ್ದಳು. ಸಾಹೇಬರು ಬಂದರು, ಹೋದರು. ಮೇಣ ತೆಗೆಯುವುದು ಮರೆತೇಹೋಗಿತ್ತು.

ಅಷ್ಟರಲ್ಲಿ ಕೋಣೆಯೊಳಗಿಂದ ಮ್ಯಾನೇಜರ್ ದನಿ ಕೇಳಿಸಿತು. ನೆಲ ಒರೆಸುವವಳನ್ನು ಎದುರಿಗೆ ನಿಲ್ಲಿಸಿಕೊಂಡು, "ನಾಳೆಯಿಂದ ಬರೋದು ಬೇಡಮ್ಮ" ಎನ್ನುತ್ತಿದ್ದ. ಸುಮ್ಮನಿದ್ದುಬಿಟ್ಟರೆ ತನ್ನ ಕೆಲಸ ಉಳಿಯುತ್ತದೆ ಎಂದು ಕುಂಡದಕ್ಕನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ನಾಚಿಕೆಯಾಯಿತು. ತೂತಿನ ಮೇಣದ ಬಿಲ್ಲೆಯನ್ನು ಕಿತ್ತುಕೊಂಡು ಒಳಗೆ ಹೋಗಿ ಮೇಜಿನ ಮೇಲಿಟ್ಟಳು.

"ತಪ್ಪು ನಂದು ಸಾರ್. ಕುಂಡದ ತೂತಿಗೆ ಮೇಣ ಮೆತ್ತಿದ್ದು ನಾನೇ. ಇವಳದ್ದೇನೂ ಇಲ್ಲ."

ಮ್ಯಾನೇಜರ್ ಇಂಗು ತಿಂದ ಮಂಗನಂತೆ ಇಬ್ಬರನ್ನೂ ನೋಡಿ, "ಸೋಮವಾರ ನೋಡ್ತೀನಿ, ಹೋಗಿ" ಎಂದ.

ಹೊರಗೆ ಬಂದ ಮೇಲೆ ನೆಲ ಒರೆಸುವವಳು ಮೆಲ್ಲಗೆ ಹೇಳಿದಳು: "ಆ ಮೇಣದಬತ್ತಿ ತಂದ್ಕೊಟ್ಟೋಳು ನಾನೇ ಅಲ್ವಾ ಅಕ್ಕಾ?"

"ಗೊತ್ತಿದ್ದೂ ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ನಂಬ್ತಿದ್ಯಾ?"

ಕುಂಡದಕ್ಕ ಉಳಿದ ಮೇಣ ಕೆರೆಯಲು ಒಂದು ಕಡ್ಡಿ ಹುಡುಕಿ ತಂದಳು. ನೆಲ ಒರೆಸುವವಳು ತಾನೇ ಒರೆಸಿದ ನೆಲದ ಮೇಲೆ ಹಳೇ ಪೇಪರ್ ಹಾಸಿ, ಎರಡನೇ ಕುಂಡವನ್ನು ಬಗ್ಗಿಸಿ ಹಿಡಿದಳು.