ಸಹಿ ಹಾಕದ ಅಪ್ಪ
ಮಗಳ ಕಾಲೇಜು ಅರ್ಜಿಯನ್ನು ಜೇಬಿನಲ್ಲಿಟ್ಟುಕೊಂಡು ಪಕ್ಕದ ಮನೆಯ ದರ್ಜಿ ಒಂದು ತಿಂಗಳಿಂದ ನನ್ನ ತಲೆ ತಿನ್ನುತ್ತಿದ್ದಾನೆ. "ಮ್ಯೂಸಿಯಂ ಕೆಲಸಕ್ಕೆ ಓದ್ತಾಳಂತೆ ಮೇಷ್ಟ್ರೇ. ಅಲ್ಲಿ ಬಾಗಿಲಲ್ಲಿ ನಿಂತು ಎಣಿಸಿದೀನಿ. ಇಡೀ ದಿನಕ್ಕೆ ಹನ್ನೊಂದು ಜನ, ಅದ್ರಲ್ಲಿ ಇಬ್ಬರು ನೀರು ಕುಡಿಯೋಕೆ ಬಂದೋರು. ಒಡೆದ ಮಡಕೆ ಅಂಟಿಸ್ಕೊಂಡು ಕೂತ್ರೆ ಯಾರು ಅನ್ನ ಹಾಕ್ತಾರೆ?" ಸಹಿ ಹಾಕೆಂದರೆ ಕನ್ನಡಕ ಮರೆತಿರುತ್ತಾನೆ, ಕನ್ನಡಕ ತಂದ ದಿನ ಪೆನ್ನು ಬರೆಯುವುದಿಲ್ಲ. ನಾಳೆಯೇ ಕಡೆಯ ದಿನವೆಂದು ಇಂದು ನಾನೇ ಪೆನ್ನು ಹಿಡಿದು ಹೋದೆ. ದರ್ಜಿ ತೀರಿಕೊಂಡ ತನ್ನ ಹೆಂಡತಿಯ ಪಿಂಗಾಣಿ ಬಟ್ಟಲಿನಲ್ಲಿ ಚಹಾ ಕುಡಿಯುತ್ತಿದ್ದ. ಅದರ ಮೈತುಂಬ ಒಡೆದ ಚೂರುಗಳನ್ನು ಅಂಟಿಸಿದ ಗೆರೆಗಳು. "ಸೋರಲ್ವೇನಯ್ಯಾ?" ಎಂದೆ. "ಎಂಟು ವರ್ಷದಿಂದ ಒಂದು ಹನಿ ಸೋರಿಲ್ಲ. ಯಾರ ಕೈಕೆಲಸ ಅಂದ್ಕೊಂಡ್ರಿ, ನನ್ನ ಮಗಳದ್ದು" ಎಂದು ಗದರಿದವನು ಆ ಗೆರೆಗಳ ಮೇಲೆ ಬೆರಳಾಡಿಸಿದ. ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು, "ಆದ್ರೂ ಹನ್ನೊಂದೇ ಜನ ಮೇಷ್ಟ್ರೇ" ಎನ್ನುತ್ತ ಸಹಿ ಹಾಕಿದ.