ಗಿರಿಜಮ್ಮ ಬರೆದ ವಯಸ್ಸಿನ ಪುಟ

ಗಿರಿಜಮ್ಮನ ಮುಂದೆ ತಪ್ಪು ತಾರೀಖು ಹೇಳುವುದೂ ಒಂದೇ, ಹಾವಿನ ಬಾಲ ತುಳಿಯುವುದೂ ಒಂದೇ. ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಟೈಪಿಸ್ಟ್ ಆಗಿದ್ದವರು. ಟೈಪ್‌ರೈಟರುಗಳು ಗುಜರಿಗೆ ಹೋದಾಗ ಜೊತೆಯವರೆಲ್ಲ ಹಣೆ ಚಚ್ಚಿಕೊಂಡರು. ಈಯಮ್ಮ ಮಾತ್ರ ಐವತ್ತರ ಹತ್ತಿರದಲ್ಲಿ ಸಂಜೆ ಕ್ಲಾಸಿಗೆ ಸೇರಿ ವೆಬ್ ಪುಟ ಬರೆಯುವುದನ್ನು ಕಲಿತರು. ಅವರ ಮೇಲಿನ ಮಹಡಿಯಲ್ಲಿದ್ದ ನಾನು ನೋಯ್ಡಾದ ಕಂಪನಿಯಲ್ಲಿ ಅದೇ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುವವಳು. ನನ್ನ ಕೋಡಿನಲ್ಲೂ ತಪ್ಪು ಹುಡುಕುತ್ತಿದ್ದರು. ಹುಡುಕಿದರೆ ಸಿಗುತ್ತಿತ್ತು, ನನ್ನ ಸಿಟ್ಟು ಅದಕ್ಕೇ.

2003ರಲ್ಲಿ ಅವರು ದೆಹಲಿಯ ಪರಿಚಯದ ಕನ್ನಡ ಕುಟುಂಬಗಳಿಗೆಂದು ಒಂದು ಸೈಟ್ ಮಾಡಿದರು. ಮನೆಮನೆಯವರ ಹೆಸರು, ಹೆಸರಿನ ಮುಂದೆ ವಯಸ್ಸು. ವರ್ಷ ವರ್ಷ ತಿದ್ದುವ ಗೋಜು ಬೇಡವೆಂದು ಹುಟ್ಟಿದ ದಿನ ಮಾತ್ರ ಬರೆದು, ಉಳಿದದ್ದನ್ನು ನಾಲ್ಕು ಸಾಲಿನ ಜಾವಾಸ್ಕ್ರಿಪ್ಟಿಗೆ ಬಿಟ್ಟರು. ಪುಟ ತೆರೆದ ಕಂಪ್ಯೂಟರಿನ ಗಡಿಯಾರ ನೋಡಿಕೊಂಡು ಅದು ತಾನೇ ವಯಸ್ಸು ತೋರಿಸುತ್ತಿತ್ತು.

ದ್ವಾರಕಾದ ಬೊಳ್ಳಮ್ಮ ಅವರ ಹಳೆಯ ಗೆಳತಿ, ಕೊಡಗಿನವರು. ಗಂಡ ಸುಬೇದಾರ್ ಪೂವಣ್ಣ ಎಂದೋ ತೀರಿಕೊಂಡಿದ್ದರು. ಇದ್ದವನು ಒಬ್ಬನೇ ಮಗ, ಸೈನ್ಯದಲ್ಲಿದ್ದ ಕರಣ್. 2003ರ ನವೆಂಬರಿನಲ್ಲಿ ಹಿಮ ಕುಸಿದು ಕಾಣೆಯಾದ, ದೇಹ ಸಿಗಲಿಲ್ಲ. ಗಂಡನಿಗೆ ತಪ್ಪದೆ ಮೀದಿ ಇಡುತ್ತಿದ್ದ, ಅಂದರೆ ಹೋದವರ ಹೆಸರಿನ ಎಡೆ ಇಡುತ್ತಿದ್ದ ಬೊಳ್ಳಮ್ಮ, ಮಗನಿಗೆ ಮಾತ್ರ ಇಡಲೇ ಇಲ್ಲ. ಅವರ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ, ಗಿರಿಜಮ್ಮನೇ ಪುಟದ ಒಂದು ಪ್ರತಿಯನ್ನು ಅವರ ಕಂಪ್ಯೂಟರಿಗೆ ಹಾಕಿಕೊಟ್ಟಿದ್ದರು. ಪ್ರತಿ ಆಗಸ್ಟ್ ಹದಿನಾಲ್ಕಕ್ಕೆ, ಅವನ ಹುಟ್ಟುಹಬ್ಬದಂದು, ತಾಯಿ ಅದನ್ನು ತೆರೆದು ನೋಡುತ್ತಿದ್ದರು. ಮಗನಿಗೆ ಒಂದು ವರ್ಷ ಹೆಚ್ಚಾಗಿರುತ್ತಿತ್ತು.

2008ರಲ್ಲಿ ನಾವಿಬ್ಬರೂ ಸೈಟನ್ನು ಹೊಸ ರೀತಿಗೆ ತಂದೆವು. ಹಳೆಯ ಟೇಬಲ್‌ಗಳನ್ನು ಕಿತ್ತೆಸೆದು ಬಣ್ಣ, ಅಳತೆಗಳನ್ನೆಲ್ಲ ಒಂದೇ ಸಿಎಸ್‌ಎಸ್ ಫೈಲಿಗೆ ಸಾಗಿಸಿದೆವು. ತೀರಿಕೊಂಡವರೆಂದು ಗುರುತು ಹಾಕಿದ ಹೆಸರುಗಳು ಅದರ ಒಂದೇ ಸಾಲಿನಿಂದ ಬೂದು ಬಣ್ಣಕ್ಕೆ ತಿರುಗುತ್ತಿದ್ದವು. ಗಿರಿಜಮ್ಮ ಮೊದಲು ಗುರುತು ಹಾಕಿದ್ದು ತಮ್ಮ ಗಂಡನಿಗೆ. ಚಂದ್ರಕಾಂತರು ಹೋಗಿ ಮೂರು ವರ್ಷವಾಗಿತ್ತು.

"ನಿಜ ಅಂದ್ಮೇಲೆ ನಮ್ಮನೆ, ಪಕ್ಕದ್ಮನೆ ಅಂತಿಲ್ಲ" ಎಂದರು.

ಎರಡನೆಯ ಗುರುತು ಕರಣ್‌ಗೆ. ಇಬ್ಬರ ವಯಸ್ಸಿನ ಲೆಕ್ಕವನ್ನೂ ಅಳಿಸಿದರು. ಬೊಳ್ಳಮ್ಮನಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಆಗಸ್ಟ್ ಹದಿನಾಲ್ಕರಂದು ಬೊಳ್ಳಮ್ಮನ ಫೋನ್ ಬಂತು. "ಗಿರಿಜಾ, ಕರಣ್‌ಗೆ ಇವತ್ತು ಇಪ್ಪತ್ತೊಂಬತ್ತು ಆಗ್ಬೇಕಿತ್ತಲ್ಲ? ಇಪ್ಪತ್ತಮೂರು ಅಂತ ಬರ್ತಿದೆ."

ಆ ದನಿಯಲ್ಲಿ ಗಾಬರಿಯಿರಲಿಲ್ಲ, ಖುಷಿಯಿತ್ತು. ಗಿರಿಜಮ್ಮ ಹೆದರಿದ್ದು ಅದಕ್ಕೇ.

ಕಾರಣ ನನಗೆ ಗೊತ್ತಿತ್ತು. ಅವರಲ್ಲಿದ್ದದ್ದು ಪುಟದ ಹಳೆಯ ಪ್ರತಿ, ವಯಸ್ಸಿನ ಲೆಕ್ಕ ಅದರಲ್ಲಿ ಹಾಗೇ ಇತ್ತು. ಹಳೆಯ ಕಂಪ್ಯೂಟರಿನೊಳಗೆ ಗಡಿಯಾರಕ್ಕೆಂದು ಗುಂಡಿಯಷ್ಟು ಬ್ಯಾಟರಿ ಇರುತ್ತದೆ. ಅದು ಸತ್ತರೆ ಕರೆಂಟ್ ಹೋದಾಗಲೆಲ್ಲ ತಾರೀಖು ಹಿಂದಕ್ಕೆ ಓಡುತ್ತದೆ. ಆ ಯಂತ್ರದಲ್ಲಿ ಅದು 2003ರ ಜನವರಿ ಒಂದಕ್ಕೆ ಹೋಗಿ ನಿಲ್ಲುತ್ತಿತ್ತು. ಭಾನುವಾರ ಮಧ್ಯಾಹ್ನ ಹೊಸ ಬ್ಯಾಟರಿ ಹಿಡಿದು ಇಬ್ಬರೂ ದ್ವಾರಕಾಕ್ಕೆ ಹೋದೆವು.

ಕರೆಂಟ್ ಇರಲಿಲ್ಲ, ಫ್ಯಾನೂ ಇಲ್ಲ. ಇನ್ವರ್ಟರ್ ಇದ್ದ ಜಾಗದಲ್ಲಿ ಧೂಳಿನ ಚೌಕ ಉಳಿದಿತ್ತು.

"ತೆಗೆಸ್ಬಿಟ್ಟೆ" ಎಂದರು ಬೊಳ್ಳಮ್ಮ. "ಅದಿದ್ರೆ ಕಂಪ್ಯೂಟರ್ ತಾರೀಖು ನಡೀತಾನೇ ಇರತ್ತೆ. ನಡೆದೂ ನಡೆದೂ ನವೆಂಬರ್ ಬಂದ್ಬಿಟ್ರೆ? ಈಗ ದಿನಾ ಸಾಯಂಕಾಲ ಪ್ಲಗ್ ಕೀಳ್ತೀನಿ. ಬೆಳಿಗ್ಗೆ ಎದ್ರೆ ಮತ್ತೆ ಜನವರಿ ಒಂದು."

ಪೂವಣ್ಣನವರ ಫೋಟೋದ ಕೆಳಗೆ ಬಾಳೆಎಲೆಯ ಮೇಲೆ ಮೀದಿ ಇತ್ತು. ಮೇಜಿನ ಮೇಲೆ ಎರಡು ಸ್ಟೀಲ್ ತಟ್ಟೆ, ಎರಡರಲ್ಲೂ ಬಿಸಿ ಕಡಂಬುಟ್ಟಿನ ಅಕ್ಕಿ ಉಂಡೆಗಳು ಹಬೆಯಾಡುತ್ತಿದ್ದವು. ಗಿರಿಜಮ್ಮ ಕುರ್ಚಿ ಎಳೆದರು.

"ಅಲ್ಲಿ ಬೇಡ ಗಿರಿಜಾ. ನಿಮ್ಮಿಬ್ರಿಗೂ ಆಮೇಲೆ ಬಡಿಸ್ತೀನಿ."

ಯಾರೂ ಕೂರದ ಆ ಕುರ್ಚಿಯನ್ನು ಬೊಳ್ಳಮ್ಮ ಮೇಜಿನ ಹತ್ತಿರಕ್ಕೆ ಸರಿಸಿದರು, ಊಟಕ್ಕೆ ಕೂತವರ ಕುರ್ಚಿಯನ್ನು ಸರಿಸುವ ಹಾಗೆ.

ಅಷ್ಟರಲ್ಲಿ ಕರೆಂಟ್ ಬಂತು. ಬೊಳ್ಳಮ್ಮ ಕಂಪ್ಯೂಟರ್ ಹಾಕಿ ಪುಟ ತೆರೆದರು. ಕರಣ್, 23. ಗಿರಿಜಮ್ಮ ಪರ್ಸಿನಿಂದ ಬ್ಯಾಟರಿ ತೆಗೆದರು.

"ಬೊಳ್ಳಮ್ಮಾ, ಇದು ಮೆಷಿನ್ ತಪ್ಪು ಕಣೇ. ಸರಿ ಮಾಡ್ತೀನಿ."

"ಮಾಡು. ನಿನ್ನ ಲೆಕ್ಕ ಯಾವತ್ತೂ ತಪ್ಪಲ್ಲ." ಬೊಳ್ಳಮ್ಮ ಒಳಗಿನಿಂದ ಸ್ಕ್ರೂಡ್ರೈವರ್ ತಂದರು, ಜೊತೆಗೆ ತೊಳೆದ ಬಾಳೆಎಲೆಯೊಂದನ್ನು. ಎರಡನ್ನೂ ಗಿರಿಜಮ್ಮನ ಮುಂದಿಟ್ಟರು. "ಸರಿ ಮಾಡಿದ್ಮೇಲೆ ಅವನಿಗೆ ಮೀದೀನೂ ನೀನೇ ಇಡು. ನನ್ನ ಕೈಯಲ್ಲಿ ಆಗಲ್ಲ."

ಗಿರಿಜಮ್ಮ ಎಲೆಯನ್ನೇ ನೋಡುತ್ತಾ ಕೂತರು. ಅವರ ಕಣ್ಣು ತುಂಬಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬ್ಯಾಟರಿ ಮತ್ತೆ ಪರ್ಸು ಸೇರಿತು.

ಹೊರಡುವಾಗ ಬೊಳ್ಳಮ್ಮ ಬಾಗಿಲವರೆಗೆ ಬಂದರು. "ಚಂದ್ರಕಾಂತ್ ಅವರನ್ನ ಯಾಕೆ ಕರ್ಕೊಂಡು ಬರ್ಲಿಲ್ಲ? ಮುಂದಿನ ಸಲ ಊಟಕ್ಕೆ ಬರಕ್ಕೆ ಹೇಳು."

ಈಗ ತಾರೀಖಿನ ಪಾಠ ಶುರುವಾಗುತ್ತದೆ ಎಂದುಕೊಂಡೆ. ಗಿರಿಜಮ್ಮ ಒಂದು ಕಾಲಿಗೆ ಚಪ್ಪಲಿ ಹಾಕಿ ಹಾಗೆಯೇ ನಿಂತರು.

"ಅಚ್ಛಾ, ಹೇಳ್ತೀನಿ" ಎಂದರು.

ಮನೆಯ ಹತ್ತಿರ ಆಟೋದಿಂದ ಇಳಿಯುವಾಗ ನನ್ನ ಮುಖ ನೋಡದೆ ಕೇಳಿದರು:

"ಆ ಹಳೇ ಪುಟದ ಪ್ರತಿ ನಿನ್ನ ಹತ್ರ ಇನ್ನೊಂದು ಇದ್ಯೇನೇ?"