ಸೈಕಲ್ ತಾನೇ
ಮಾರ್ಚ್ ಹನ್ನೊಂದರ ಬೆಳಿಗ್ಗೆ, ನಗರಸಭೆಯವರು ಫುಟ್‌ಪಾತಿನ ಮೇಲೆಯೇ ಗೆರೆ ಬಳಿದು ಮಾಡಿದ ಸೈಕಲ್ ದಾರಿಯಲ್ಲಿ, ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿ ನಿವೃತ್ತರಾದ ಯಜಮಾನರೊಬ್ಬರ ಪತ್ನಿಗೆ ಹಿಂದಿನಿಂದ ಸೈಕಲ್ಲೊಂದು ಗುದ್ದಿತು. ಅಂದಿನಿಂದ ಯಜಮಾನರು ಊರಿನವರ ಮಾತನ್ನೇ ತಿದ್ದುತ್ತಾ ತಿರುಗುತ್ತಾರೆ. ಯಾರಾದರೂ "ತಾಗಿತಂತೆ" ಎಂದರೆ ಸಾಕು, ಕೊಡೆ ಊರಿ ನಿಂತು, "ಗಾಳಿ ತಾಗುತ್ತೆ ಸ್ವಾಮಿ, ಸೈಕಲ್ ಗುದ್ದುತ್ತೆ" ಎನ್ನುತ್ತಾರೆ. ಕ್ಷೌರದಂಗಡಿಯವನು "ಸೈಕಲ್ ತಾನೇ ತಾತ, ಲಾರಿ ಅಲ್ವಲ್ಲ!" ಎಂದಾಗ, ನೊರೆ ಹಚ್ಚಿದ ಮುಖದಲ್ಲೇ ಎದ್ದು, "ಮೊದ್ಲು ಆ ‘ತಾನೇ’ ತೆಗಿ, ಆಮೇಲೆ ಗಡ್ಡ ತೆಗಿ" ಎಂದು ಗದರಿದ್ದರು. ಆದರೆ ಆ ಮಾತನ್ನು ಮೊದಲು ಆಡಿದವರು ಅವರ ಪತ್ನಿಯೇ. ಬಿದ್ದಲ್ಲಿಂದಲೇ, ನಡುಗುತ್ತಾ ನಿಂತಿದ್ದ ಸವಾರನಿಗೆ "ಸೈಕಲ್ ತಾನೇ, ಹೆದರ್ಬೇಡಪ್ಪ" ಎಂದಿದ್ದರು. ಅದೇ ಅವರ ಕೊನೆಯ ಮಾತು; ಅದನ್ನು ತಿದ್ದಲು ಯಜಮಾನರಿಗೆ ಕೈಯೇಳದು. ನಗರಸಭೆಯ ಇಂಜಿನಿಯರರೇ, ಗೆರೆ ಬಳಿದವರು ನೀವು. ಅಳಿಸಿ, ನಡೆಯುವವರ ದಾರಿಯನ್ನು ನಡೆಯುವವರಿಗೆ ಬಿಟ್ಟುಕೊಡಿ.